ಅತ್ತೆಯ ಹಾಡು, ಸೊಸೆಯ ಗಂಟಲು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆಂದು ಆ ಮನೆಯಲ್ಲಿ ಅವಳಿಗೆ ಕಣ್ಣಮ್ಮ ಎಂದು ಹೆಸರು ಬಿತ್ತು. ಹೆಸರಿಟ್ಟವರು ಅತ್ತೆ. ಅತ್ತೆ ಸಿಟಿ ಬಸ್ಸಿನ ಡ್ರೈವರ್. ಆ ಡಿಪೋದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಂಗಸು. ಗಂಡ ಬೇಗ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಬೆಳೆಸಿ, ಓದಿಸಿ, ಲಿಫ್ಟ್ ಮೆಕ್ಯಾನಿಕ್ ಮಾಡಿದ್ದರು. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯನ್ನು ಮನೆಗೆ ಕರೆತಂದ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. ಅಡುಗೆ ಬರುತ್ತದಾ ಎಂದಲ್ಲ, ಅಪ್ಪನಿಗೇನು ಕೆಲಸ ಎಂದಲ್ಲ.

“ಕುಲುಮೆ ಬಗ್ಗೆ ಏನು ಹೇಳ್ತೀಯ?”

ಕುಲುಮೆ ಎಂದರೆ ರಾಕ್ ಬ್ಯಾಂಡು. ಹೆಸರು ಕೇಳದವರಿಲ್ಲ. ಅತ್ತೆಯ ಮನೆಯ ನಡುಗೋಣೆಯ ಗೋಡೆ ತುಂಬ ಆ ನಾಲ್ವರ ಪೋಸ್ಟರ್, ಅದರ ಕೆಳಗೆ ರೆಕಾರ್ಡ್ ಪ್ಲೇಯರ್, ಅದರ ಪಕ್ಕ ಅವರ ಆಲ್ಬಂಗಳು ಒಂದೂ ಬಿಡದೆ ಸಾಲಾಗಿ ನಿಂತಿದ್ದವು. ಹುಡುಗಿ ಒಮ್ಮೆ ಪೋಸ್ಟರ್ ನೋಡಿದಳು, ಒಮ್ಮೆ ಮುಂದೆ ಅತ್ತೆಯಾಗುವವರ ಮುಖ ನೋಡಿದಳು. ಸುಳ್ಳು ಹೇಳುವ ಜಾಯಮಾನ ಅವಳದ್ದಲ್ಲ. ಆ ತಂಡದ ಡ್ರಮ್ಮರ್‌ಗೆ ಅಪಘಾತವಾಗಿ ಒಂದು ಕೈ ಕೆಟ್ಟಾಗ, ಬೇರೆಯವನನ್ನು ಹುಡುಕಿಕೊಳ್ಳಿ ಎಂದು ಎಲ್ಲರೂ ಹೇಳಿದರೂ ಉಳಿದ ಮೂವರು ಕೇಳಿರಲಿಲ್ಲ. ಅವನು ಕೋಲನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮತ್ತೆ ಬಾರಿಸುವುದನ್ನು ಕಲಿಯುವವರೆಗೆ ವರ್ಷಗಟ್ಟಲೆ ಕಾದಿದ್ದರು. ಈ ಸಂಗತಿಯನ್ನು ಅವಳ ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅದನ್ನು ನೆನೆದು ಅವಳು ನಿಜವನ್ನೇ ಹೇಳಿದಳು.

“ಅವರ ಮೇಲೆ ನಂಗೆ ತುಂಬಾ ಗೌರವ ಇದೆ.”

ಅವಳು ಆಡಿದ್ದು ಒಂದು, ಅತ್ತೆಯ ಕಿವಿಗೆ ಬಿದ್ದದ್ದು ಇನ್ನೊಂದು. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡ್ದೇನೋ! ಇವಳು ನಮ್ಮವಳು ಕಣೋ! ಇನ್ನೇನು ನೋಡೋದಿದೆ, ದಿನ ಗೊತ್ತು ಮಾಡು!”

ಅಲ್ಲಿಂದ ಶುರುವಾಯಿತು ಕಣ್ಣಮ್ಮನ ಭಾನುವಾರ. ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಮಗರಾಯ ಮಂಚ ಹಿಡಿಯುತ್ತಿದ್ದ. ಹುಟ್ಟಿದಾಗಿನಿಂದ ಕೇಳಿ ಕೇಳಿ ಅವನ ಕಿವಿಗೆ ಕುಲುಮೆಯೂ ಒಂದೇ, ಫ್ಯಾನ್ ತಿರುಗುವ ಸದ್ದೂ ಒಂದೇ. ಅತ್ತೆ ಸೊಸೆ ಇಬ್ಬರೂ ಪ್ಲೇಯರ್ ಮುಂದೆ ಕೂರುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತಾ ತಾಳ ಹಾಕುತ್ತಿದ್ದರು. ಸೊಸೆ ಗೋಡೆ ನೋಡುತ್ತಿದ್ದಳು. ಗಿಟಾರಿನವನು ಒಂದೇ ಸ್ವರವನ್ನು ಹಿಡಿದು, ಎಳೆದು, ತಿರುಚಿ, ಇನ್ನೇನು ಬಿಟ್ಟ ಎನ್ನುವಾಗ ಮತ್ತೆ ಹಿಡಿಯುತ್ತಿದ್ದ. ನೆಂಟರ ಮನೆಯಲ್ಲಿ ಹೊರಡುತ್ತೇನೆಂದು ಎದ್ದು ನಿಂತು ಬಾಗಿಲ ಬಳಿ ಮತ್ತೆ ಮಾತು ತೆಗೆಯುವವರ ಹಾಗೆ ಅವರ ಹಾಡು ಮುಗಿಯುತ್ತಲೇ ಇರಲಿಲ್ಲ. ಅವಳಿಗೆ ಇಷ್ಟವಾಗುತ್ತಿದ್ದದ್ದು ಕಾಫಿ ಆರುವುದರೊಳಗೆ ಮುಗಿಯುವ ಸಣ್ಣ ಹಾಡು, ಒಂದೇ ದನಿ, ಹೆಚ್ಚೆಂದರೆ ಒಂದು ಕೊಳಲು.

ಹಾಗೆಂದು ಅವಳು ಪ್ರಯತ್ನ ಪಡಲಿಲ್ಲ ಎನ್ನುವ ಹಾಗಿಲ್ಲ. ಒಂದೊಂದು ಆಲ್ಬಮ್ಮನ್ನೂ ಕಿವಿಗೊಟ್ಟು ಕೇಳಿದಳು. ಇದರಲ್ಲಿ ಕೆಲಸ ಇದೆ, ಶ್ರದ್ಧೆ ಇದೆ ಎಂಬುದು ಗೊತ್ತಾಗುತ್ತಿತ್ತು. ಊರಿಗೆಲ್ಲ ನೀರು ಕೊಡುವ ಎತ್ತರದ ಟ್ಯಾಂಕಿನ ಮೇಲೆ ಯಾರಿಗೆ ತಾನೇ ಗೌರವವಿಲ್ಲ? ಆದರೆ ಅದರ ಬುಡದಲ್ಲಿ ಚಾಪೆ ಹಾಸಿಕೊಂಡು ಅದನ್ನೇ ನೋಡುತ್ತಾ ಕೂರುವವರು ಯಾರು?

“ಹೇಳಿಬಿಡೇ, ನಂಗೆ ಹಿಡಿಸಲ್ಲ ಅಂತ,” ಎಂದು ಗಂಡ ಅನ್ನುತ್ತಿದ್ದ.

“ನೀವು ಸುಮ್ನಿರಿ. ಅತ್ತೆ ಮುಖ ನೋಡಿದೀರಾ ಆವಾಗ? ಮಗು ಥರ ಆಗಿರುತ್ತೆ.”

ಅಂಗಡಿಯಲ್ಲಿ ಅವಳ ಮಾತೇ ಬೇರೆ. ಯಂತ್ರದ ಮುಂದೆ ಗಲ್ಲ ಊರಿ ಕೂತವರಿಗೆ ಗಾಜು ಬದಲಿಸಿ ಬದಲಿಸಿ ತೋರಿಸುತ್ತಾ, “ಇದು ಸ್ಪಷ್ಟನಾ, ಅದು ಸ್ಪಷ್ಟನಾ? ನನ್ನ ಮುಲಾಜು ನೋಡ್ಬೇಡಿ, ನಿಮಗೆ ಕಂಡಿದ್ದು ಹೇಳಿ,” ಎಂದು ದಿನವಿಡೀ ಹೇಳುತ್ತಿದ್ದಳು. ಸಂಜೆ ಮನೆಗೆ ಬಂದರೆ ಅವಳ ನಾಲಿಗೆಗೇ ಮುಲಾಜಿನ ಬೀಗ. ವರ್ಷ ವರ್ಷವೂ ಅವಳ ಹುಟ್ಟುಹಬ್ಬಕ್ಕೆ ಅತ್ತೆ ಕುಲುಮೆಯದ್ದೇ ಏನಾದರೂ ತರುತ್ತಿದ್ದರು. ಟೀ ಶರ್ಟು, ಚಹಾದ ಮಗ್ಗು, ಒಂದು ವರ್ಷ ಡ್ರಮ್ಮಿನ ಆಕಾರದ ದಿಂಬು. ಅವಳು “ಅಯ್ಯೋ, ಎಷ್ಟು ಚೆನ್ನಾಗಿದೆ ಅತ್ತೆ!” ಎನ್ನುತ್ತಿದ್ದಳು. ದಿಂಬು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಅತ್ತೆ ನಿವೃತ್ತರಾದ ಮರುವರ್ಷ, ಒಂದು ಬೆಳಗ್ಗೆ, ವಾಕಿಂಗಿಗೆ ಹೊರಟು ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದವರು ಹಾಗೇ ಗೋಡೆಗೆ ಒರಗಿದರು. ಟಿಫನ್ ಡಬ್ಬಿ ಹಿಡಿದು ಹೊರಗೆ ಬಂದ ಕಣ್ಣಮ್ಮ ಮೊದಲು ನೋಡಿದ್ದು ಕಟ್ಟದೆ ಉಳಿದ ಲೇಸು. ಆಮೇಲೆ ಒಂದು ಕಡೆಗೆ ಜಾರಿದ ಬಾಯಿ. “ಅತ್ತೆ!” ಎಂದು ಭುಜ ಹಿಡಿದಳು. ಅತ್ತೆ ಏನೋ ಹೇಳಲು ಹೋದರು. ಬಂದದ್ದು ಮಾತಲ್ಲ.

ಆಂಬುಲೆನ್ಸ್ ತಡಮಾಡಲಿಲ್ಲ. ಡಾಕ್ಟರೂ ತಡಮಾಡಲಿಲ್ಲ. ಜೀವ ಉಳಿಯಿತು. ಬಲಗೈ ಸೋತಿತ್ತು, ದಿನ ಕಳೆದಂತೆ ಅದೂ ಸ್ವಲ್ಪ ಸ್ವಲ್ಪ ಆಡತೊಡಗಿತು. ಎದುರಿನವರು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಯಾರು ಯಾರೆಂದು ಗುರುತೂ ಸಿಗುತ್ತಿತ್ತು. ಮಾತು ಮಾತ್ರ ಹೋಗಿಬಿಟ್ಟಿತ್ತು. ಬಾಗಿಲಲ್ಲಿ ನೇತಾಡುವ ಪಡ್ಡೆ ಹುಡುಗರನ್ನು ಕನ್ನಡಿಯಲ್ಲಿ ನೋಡಿಯೇ ಗದರಿಸಿ ಒಳಗೆ ಸರಿಸುತ್ತಿದ್ದ ನಾಲಿಗೆಗೆ ಈಗ ಉಳಿದದ್ದು ಒಂದೇ ಪದ. ನೀರು ಬೇಕಾದರೂ “ಅದು”, ಕಿಟಕಿ ಮುಚ್ಚಬೇಕಾದರೂ “ಅದು, ಅದು”. ಒಮ್ಮೊಮ್ಮೆ ಬೇರೆ ಪದ ಬಂದರೂ ತಪ್ಪು ಪದವೇ ಬರುತ್ತಿತ್ತು. ದಿಂಬು ಎನ್ನಲು ಹೋಗಿ ಟಿಕೆಟ್ ಎನ್ನುತ್ತಿದ್ದರು. ತಪ್ಪಿತೆಂದು ಅವರಿಗೇ ಗೊತ್ತಾಗಿ, ಎಡಗೈಯಿಂದ ಮಂಚ ಗುದ್ದಿ, ಗೋಡೆಗೆ ಮುಖ ಮಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬರಿದ್ದರು. ವಾರ್ಡಿನವರೆಲ್ಲ ಅವರನ್ನು ಮಾತಿನ ಟೀಚರ್ ಎನ್ನುತ್ತಿದ್ದರು. ಅವರು ಮನೆಯವರನ್ನು ಹತ್ತಿರ ಕರೆದು ಹೇಳಿದರು.

“ನೋಡಿ, ತಲೆಯಲ್ಲಿ ಮಾತಿನ ಮನೆ ಒಂದು ಕಡೆ, ಹಾಡಿನ ಮನೆ ಇನ್ನೊಂದು ಕಡೆ. ಇವರಿಗೆ ಮಾತಿನ ಮನೆಗೆ ಪೆಟ್ಟು ಬಿದ್ದಿದೆ. ಹಾಡಿನ ಕಡೆಯಿಂದ ಹೋದ್ರೆ ಕೆಲವರಿಗೆ ಪದ ಸಿಗುತ್ತೆ. ಇವರಿಗೆ ಚೆನ್ನಾಗಿ ಬಾಯಿಗೆ ಬರೋ ಹಾಡು ಯಾವುದು?”

ಮಗ ಅಮ್ಮನ ಮುಖ ನೋಡಿದ. “ಕುಲುಮೆ ಹಾಡುಗಳು,” ಎಂದ.

“ಹಾಗಾದ್ರೆ ದಿನಾ ಯಾರಾದ್ರೂ ಎದುರಿಗೆ ಕೂತು, ಕೈ ಹಿಡಿದು ತಾಳ ತಟ್ಟುತ್ತಾ ಜೊತೆಗೆ ಹಾಡ್ಬೇಕು. ರೆಕಾರ್ಡ್ ಹಾಕಿದ್ರೆ ಸಾಲದು, ಬಾಯಿ ಕಾಣ್ಬೇಕು.”

ಮಗ ಹಾಡಿದರೆ ಕಾಗೆಯೂ ಕಿವಿ ಮುಚ್ಚಿಕೊಳ್ಳಬೇಕು. ಅತ್ತೆಯನ್ನು ನೋಡಲು ಬಂದಿದ್ದ ಅವರ ಹಳೆಯ ಜೊತೆಗಾರ್ತಿ, ಅದೇ ಬಸ್ಸಿನ ಕಂಡಕ್ಟರ್ ಆಗಿದ್ದವರು, ಸೊಸೆಯ ಬೆನ್ನು ತಟ್ಟಿದರು. “ಇವಳಿದ್ದಾಳಲ್ಲ! ಕುಲುಮೆ ಅಂದ್ರೆ ಇವಳಿಗೂ ಪ್ರಾಣ. ಅತ್ತೆಗೆ ತಕ್ಕ ಸೊಸೆ.”

“ಹಾಡ್ತೀನಿ,” ಎಂದಳು ಕಣ್ಣಮ್ಮ.

ಅಷ್ಟು ಭಾನುವಾರ ಕೇಳಿದ್ದರೂ ಅವಳಿಗೆ ಒಂದು ಹಾಡೂ ಪೂರ್ತಿ ಬರುತ್ತಿರಲಿಲ್ಲ. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುತ್ತಾ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಪರೀಕ್ಷೆಗೆ ಓದುವವಳ ಹಾಗೆ ಸಾಲು ಸಾಲಾಗಿ ಬಾಯಿಪಾಠ ಮಾಡಿದಳು. ಫ್ರೇಮು ತೆಗೆದುಕೊಳ್ಳಲು ಬಂದವರು ಒಳಗಿನಿಂದ “ಬೆಂಕಿಯ ಮಗನೇ, ಏಳು” ಎಂಬ ಕೂಗು ಕೇಳಿ ಬೆಚ್ಚಿದ್ದೂ ಉಂಟು.

ಮೊದಲು ಹಿಡಿದದ್ದು ಅವರ ಹಾಡುಗಳಲ್ಲೆಲ್ಲ ಸರಳವಾದದ್ದನ್ನು. ಅದರ ಪಲ್ಲವಿ ಹೀಗೆ: “ಬಾಗಿಲು ತೆಗಿ, ಬಾಗಿಲು ತೆಗಿ, ಹೊರಗೆ ನಿಂತವ ನಾನೇ.” ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅತ್ತೆಯ ಎದುರು ಮೋಟು ಸ್ಟೂಲಿನ ಮೇಲೆ ಕೂತು, ಅವರ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದು, ತೊಡೆಯ ಮೇಲೆ ತಾಳ ತಟ್ಟುತ್ತಾ ಹಾಡಿದಳು. ಗಿಟಾರಿಲ್ಲ, ಡ್ರಮ್ಮಿಲ್ಲ. ಅತ್ತೆ ಅವಳ ಬಾಯಿಯನ್ನೇ ನೋಡಿದರು. ತುಟಿ ಅಲುಗಿತು, ದನಿ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಒಂದು ಮಧ್ಯಾಹ್ನ ಅವಳು “ಬಾಗಿಲು” ಎಂದು ಉಸಿರು ತೆಗೆದುಕೊಳ್ಳಲು ನಿಂತಾಗ, ಎದುರಿನಿಂದ, ತುಕ್ಕು ಹಿಡಿದ ಬಾಗಿಲೇ ತೆರೆದ ಹಾಗೆ, “ತೆಗಿ” ಎಂದು ಕೇಳಿಸಿತು.

ಇಬ್ಬರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡಿದರು. ಅವಳು ಮತ್ತೆ “ಬಾಗಿಲು” ಎಂದಳು. “ತೆಗಿ!” ಎಂದರು ಅತ್ತೆ. ಅವತ್ತು ಅವರು ಅದೆಷ್ಟು ಸಲ ಬಾಗಿಲು ತೆಗೆದರೋ, ಪಕ್ಕದ ಮನೆಯವರು ಬಂದು ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರಾ ಎಂದು ವಿಚಾರಿಸಿಕೊಂಡು ಹೋದರು.

ಅಲ್ಲಿಂದ ಹಾಡಿಗೊಂದೊಂದು ಪದ ಸಿಕ್ಕಿತು. ನೀರು, ಬೆಳಕು, ನಾನು, ನೀನು, ಬೇಡ, ಬಾ. ಹಾಡಿನೊಳಗೆ ಸಿಕ್ಕಿದ ಪದವನ್ನು ಅತ್ತೆ ರಾಗದ ಸಮೇತ ಎತ್ತಿಕೊಂಡು ಮನೆ ಕೆಲಸಕ್ಕೆ ಬಳಸುತ್ತಿದ್ದರು. ನೀರು ಬೇಕಾದಾಗ ಎರಡನೇ ಆಲ್ಬಮ್ಮಿನ ರಾಗದಲ್ಲಿ ನೀರು ಎನ್ನುತ್ತಿದ್ದರು. ಮಗ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡ.

ಗಂಟಲು ಸವೆಸಿ ಹಾಡುವಾಗ ಕಣ್ಣಮ್ಮನಿಗೆ ಆ ಹಾಡುಗಳ ಒಳಮೈ ಕಾಣತೊಡಗಿತು. ಎಲ್ಲಿ ಉಸಿರು ಬೇಕೋ ಅಲ್ಲಿ ಜಾಗ ಬಿಟ್ಟಿದ್ದರು. ನಾಲಿಗೆ ತೊಡರುವ ಕಡೆ ಪದ ಸಣ್ಣದು, ದನಿ ಏರುವ ಕಡೆ ಅಕ್ಷರ ತೆರೆದದ್ದು. ಯಾರೋ ಹಾಡಬೇಕು, ಎಂಥವರೂ ಹಾಡಬೇಕು ಎಂದು ಯೋಚನೆ ಮಾಡಿ ಕಟ್ಟಿದ್ದರು. ಅವರ ಮೇಲಿದ್ದ ಗೌರವ ದುಪ್ಪಟ್ಟಾಯಿತು. ಇಷ್ಟ? ಇಷ್ಟ ಇದ್ದಲ್ಲಿಂದ ಒಂದಂಗುಲ ಕದಲಲಿಲ್ಲ. ಇದು ಅವಳನ್ನು ಕೊರೆಯಿತು. ಅತ್ತೆಗೆ ಮಾತು ಕೊಡುತ್ತಿರುವ ಹಾಡು, ಇದನ್ನೂ ಇಷ್ಟಪಡಲಾರದ ತಾನು ಎಂಥ ಕಲ್ಲು ಮನಸ್ಸಿನವಳು ಎಂದು ಬಟ್ಟೆ ಒಣಗಿಸುತ್ತಾ ನಿಂತು ತನ್ನನ್ನೇ ಬೈದುಕೊಂಡಳು.

ಒಂದು ಸಂಜೆ ಅವಳು ಅಂಗಡಿಯಲ್ಲಿ ಜನ ಹೆಚ್ಚಾಗಿ ದಣಿದು ಬಂದಿದ್ದಳು. ಆದರೂ ಸ್ಟೂಲು ಎಳೆದುಕೊಂಡು ಕೂತು ಕೈ ಹಿಡಿದಳು. ಬಾಗಿಲಿನ ಹಾಡು. ಪಲ್ಲವಿ ಆಯಿತು, ಒಂದು ಚರಣ ಆಯಿತು, ಇನ್ನೊಂದು ಆಯಿತು. ಅವಳ ಬಾಯಿ ಹಾಡುತ್ತಿತ್ತು, ಕಣ್ಣು ಕಿಟಕಿಯಾಚೆ ಎದುರುಮನೆಯವರು ಸೈಕಲ್ ತೊಳೆಯುವುದನ್ನು ನೋಡುತ್ತಿತ್ತು. ಅತ್ತೆ ತಟ್ಟನೆ ಕೈ ಬಿಡಿಸಿಕೊಂಡು, ಬಸ್ಸು ನಿಲ್ಲಿಸಲು ರಸ್ತೆಯಲ್ಲಿ ಅಡ್ಡಗೈ ಮಾಡುವವರ ಹಾಗೆ ಕೈ ಎತ್ತಿದರು.

ಅವಳು ನಿಲ್ಲಿಸಿದಳು. “ಏನತ್ತೆ? ನೀರಾ?”

ಅತ್ತೆ ಅಲ್ಲವೆಂದು ತಲೆಯಾಡಿಸಿದರು. ಏನೋ ಹೇಳಬೇಕಿತ್ತು. “ಅದು,” ಎಂದರು. “ನೀನು... ಅದು...” ಹಣೆ ಬೆವರಿತು. ಕಣ್ಣು ಮುಚ್ಚಿ, ಗುನುಗಿ, ರಾಗ ಹಿಡಿದುಕೊಂಡರು. ಆಮೇಲೆ, ಬಾಗಿಲು ತೆಗಿ ಎಂಬುದರ ರಾಗದಲ್ಲೇ, ಅದರ ತಾಳಕ್ಕೇ ತೊಡೆ ತಟ್ಟುತ್ತಾ, ಹಾಡಿದರು.

“ನಿನಗಿದು ಇಷ್ಟ ಇಲ್ಲ, ನಿನಗಿದು ಇಷ್ಟ ಇಲ್ಲ.”

ಪೆಟ್ಟು ಬಿದ್ದ ದಿನದಿಂದ ಅದು ಅತ್ತೆ ಸ್ವಂತವಾಗಿ ಕಟ್ಟಿದ ಮೊದಲ ವಾಕ್ಯ.

ಕಣ್ಣಮ್ಮನ ಬಾಯಿ ಅಭ್ಯಾಸಬಲದಿಂದ ತಾನಾಗಿ ಓಡಿತು. “ಅಯ್ಯೋ, ಹಾಗೇನಿಲ್ಲ ಅತ್ತೆ! ಇಷ್ಟ ಇದೆ. ಯಾಕೆ ಹಾಗಂತೀರಿ, ಇಷ್ಟಾನೇ.”

ಅತ್ತೆಯ ಮುಖ ನೋಡನೋಡುತ್ತ ಬಾಡಿತು. ಅದು ಬೇಜಾರಿನ ಮುಖವಲ್ಲ. ಅವಳು ಆ ಮುಖವನ್ನು ಆಸ್ಪತ್ರೆಯಲ್ಲಿ ದಿನಾ ನೋಡಿದ್ದಳು; ದಿಂಬು ಎನ್ನಲು ಹೋಗಿ ಟಿಕೆಟ್ ಎಂದಾಗಿನ ಮುಖ. ಅತ್ತೆ ಎಡಗೈ ಮುಷ್ಟಿ ಮಾಡಿ ಮಂಡಿಗೆ ಗುದ್ದಿಕೊಂಡರು. ಇದೂ ತಪ್ಪು ಪದ ಬಂತು ಎಂದುಕೊಂಡಿದ್ದರು. ತುಟಿ ಅಲುಗಿಸುತ್ತಾ ಸರಿಯಾದ ಪದಕ್ಕಾಗಿ ಮತ್ತೆ ತಡಕಾಡತೊಡಗಿದರು. “ಅದು... ಇಷ್ಟ... ಅಲ್ಲ... ಅದು...”

ಕಣ್ಣಮ್ಮ ನೋಡಲಾರದೆ ಹೋದಳು. ತನ್ನ ದಾಕ್ಷಿಣ್ಯ ಉಳಿಸಿಕೊಳ್ಳಲು ಅತ್ತೆಯ ಬಾಯಿಂದ ಬಂದ ಮೊದಲ ಸರಿಯಾದ ಮಾತನ್ನೇ ಕಿತ್ತುಕೊಳ್ಳುವುದೇ? ಸ್ಟೂಲಿನಿಂದ ಇಳಿದು ನೆಲದ ಮೇಲೆ ಮಂಡಿಯೂರಿ ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಅತ್ತೆ, ಇಲ್ನೋಡಿ. ನೀವು ಹೇಳಿದ್ದು ಸರಿ. ಒಂದಕ್ಷರನೂ ತಪ್ಪಿಲ್ಲ. ತಪ್ಪು ನಂದು. ನಂಗೆ ಇದು ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ.”

ಅತ್ತೆ ಅವಳನ್ನೇ ದಿಟ್ಟಿಸಿದರು. “ಸರಿ?” ಎಂದರು, ತಮ್ಮ ಬಾಯಿಯನ್ನು ಬೆರಳಿನಿಂದ ತೋರಿಸಿಕೊಂಡು.

“ಪೂರ್ತಿ ಸರಿ ಅತ್ತೆ. ಇನ್ನೊಂದು ಸಲ ಹೇಳಿ.”

“ನಿನಗಿದು... ಇಷ್ಟ ಇಲ್ಲ.” ಈ ಸಲ ರಾಗವಿರಲಿಲ್ಲ. ಬರೀ ಮಾತು.

“ಇಲ್ಲವೇ ಇಲ್ಲ!” ಎಂದಳು ಕಣ್ಣಮ್ಮ. ಹೇಳುತ್ತಿದ್ದಂತೆ ಅವಳಿಗೆ ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ನಗು. ಅತ್ತೆಯ ಮಡಿಲಿಗೆ ತಲೆಯಿಟ್ಟು ಎರಡನ್ನೂ ಒಟ್ಟಿಗೆ ಸುರಿಸಿದಳು. ಎದೆಯ ಮೇಲೆ ಕೂತಿದ್ದ ಕಲ್ಲುಚಪ್ಪಡಿಯನ್ನು ಯಾರೋ ಎತ್ತಿ ಅಂಗಳಕ್ಕೆ ಎಸೆದಂತಾಗಿತ್ತು. ಮೇಲಿನಿಂದ ಅತ್ತೆಯ ನಗು ಕೇಳಿಸುತ್ತಿತ್ತು, ಒಂದು ಕಡೆಗೆ ಸ್ವಲ್ಪ ಜಾರಿದ, ಆದರೆ ಹೊಟ್ಟೆ ತುಂಬಿದ ನಗು.

ಕೆಲಸ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತ. “ಏನಾಯ್ತು? ಯಾರಿಗೇನಾಯ್ತು?”

ಅತ್ತೆ ಸೊಸೆಯ ತಲೆಯ ಮೇಲೆ ಕೈಯಿಟ್ಟು, ಒಂದೊಂದೇ ಪದವನ್ನು ಗೇರು ಬದಲಿಸಿದ ಹಾಗೆ ಬದಲಿಸುತ್ತಾ ಹೇಳಿದರು. “ಇವಳಿಗೆ. ಕುಲುಮೆ. ಇಷ್ಟ ಇಲ್ಲ.”

“ಅದು ನಂಗೆ ಯಾವತ್ತೋ ಗೊತ್ತಮ್ಮ,” ಎಂದವನಿಗೆ ಆಮೇಲಷ್ಟೇ ಅಮ್ಮ ಪೂರಾ ಮಾತಾಡಿದ್ದು ಅರಿವಾಗಿ, ಕೈಯಲ್ಲಿದ್ದ ಇಕ್ಕಳ, ಸ್ಕ್ರೂಡ್ರೈವರಿನ ಚೀಲ ದಬಕ್ಕನೆ ಕೆಳಗೆ ಬಿತ್ತು.

ನಗು ಇಳಿದ ಮೇಲೆ ಅತ್ತೆಗೆ ಸ್ವಲ್ಪ ನೋವೂ ಆಯಿತು, ಆಗದೆ ಇರುತ್ತದೆಯೇ? ಮಾರನೇ ದಿನ ಹಾಡುವ ಹೊತ್ತಿಗೆ ಸೊಸೆ ಬಂದು ಕೂತರೆ ಮುಖ ತಿರುಗಿಸಿದರು. “ಸುಳ್ಳಿ,” ಎಂದರು. ಅದೂ ಸರಿಯಾದ ಪದವೇ. ಕಣ್ಣಮ್ಮನಿಗೆ ಚುರುಕ್ ಎಂದರೂ ಒಳಗೊಳಗೇ ಹಿಗ್ಗಾಯಿತು.

“ಸುಳ್ಳಲ್ಲ ಅತ್ತೆ. ಗೌರವ ಇದೆ ಅಂದಿದ್ದೆ, ಈಗ್ಲೂ ಇದೆ. ಈಗ ಮೊದಲಿಗಿಂತ ಜಾಸ್ತಿ ಇದೆ. ಆದ್ರೆ ಕೇಳೋಕೆ ಕೂತ್ರೆ ಹಿಡಿಸಲ್ಲ. ಏನ್ಮಾಡ್ಲಿ ಹೇಳಿ.”

ಅತ್ತೆ ಎಡಗೈ ಬೆರಳಿಂದ ತೊಡೆಯ ಮೇಲೆ ತಾಳ ತಟ್ಟತೊಡಗಿದರು. ಪದ ಹುಡುಕುತ್ತಿದ್ದರೋ, ಸಿಟ್ಟನ್ನು ನುಂಗುತ್ತಿದ್ದರೋ. ಕೊನೆಗೆ ಹೇಳಿದ್ದಿಷ್ಟು. “ಇಷ್ಟ ಇಲ್ಲದ ರೂಟು. ಇಷ್ಟು ವರ್ಷ. ಒಂದು ದಿನಾನೂ... ರಜ ಹಾಕ್ಲಿಲ್ಲ.”

ಡ್ರೈವರ್ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಕಣ್ಣಮ್ಮನಿಗೆ ಗೊತ್ತಿತ್ತು. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡಳು. “ಇವತ್ತೂ ರಜ ಇಲ್ಲ. ಕೈ ಕೊಡಿ.” ಹಾಡಿದರು. ಇಷ್ಟಪಡಬೇಕೆಂಬ ಭಾರವಿಲ್ಲದೆ ಹಾಡುವುದು ಎಷ್ಟು ಸಲೀಸು! ಮದ್ದು ಅರೆಯುವವರು ಅದರ ರುಚಿ ಹೊಗಳಬೇಕೆಂದಿಲ್ಲವಲ್ಲ. ನಡುನಡುವೆ ಅವಳು ಮುಖ ಸಿಂಡರಿಸಿದರೆ ಅತ್ತೆ ಅವಳ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದರು.

ಮುಂದಿನ ಬೇಸಿಗೆಯ ಹೊತ್ತಿಗೆ ಅತ್ತೆ ನಿಧಾನವಾಗಿಯಾದರೂ ಎಲ್ಲ ಮಾತಾಡುತ್ತಿದ್ದರು, ಬೈಗುಳವನ್ನಂತೂ ತಡವರಿಸದೆ ಆಡುತ್ತಿದ್ದರು. ಆಗಲೇ ಕುಲುಮೆಯವರು ಪಕ್ಕದ ಊರಿನ ಸ್ಟೇಡಿಯಮ್ಮಿಗೆ ಬರುತ್ತಾರೆಂದು ಸುದ್ದಿಯಾದದ್ದು. ಕಂಡಕ್ಟರ್ ಅಕ್ಕ ಫೋನು ಮಾಡಿ, “ನಮ್ಮ ಮೂವರಿಗೂ ಸೀಟು ಹಿಡೀಲಾ?” ಎಂದು ಕೇಳಿದರು. ಕಣ್ಣಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿನತ್ತ ಕೂಗಿದರು. “ಇಬ್ರಿಗೆ ಸಾಕು ಕಣೇ! ಇವಳನ್ನ ಬಿಟ್ಟುಬಿಡು, ಪಾಪ.”

ಆ ದಿನ ಇಳಿಹೊತ್ತಿಗೆ ಅವಳೇ ಕಾರು ಓಡಿಸಿಕೊಂಡು ಹೋಗಿ ಇಬ್ಬರನ್ನೂ ಗೇಟಿನ ಬಳಿ ಇಳಿಸಿದಳು. ಅತ್ತೆ ಒಂದು ಕೈಯಲ್ಲಿ ಊರುಗೋಲು ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಗೆಳತಿಯ ತೋಳು. ಸುತ್ತ ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ನುಗ್ಗುತ್ತಿದ್ದರು. “ಏಯ್, ಸಾಲಾಗಿ ಬನ್ರೋ!” ಎಂದು ಅತ್ತೆ ಗದರಿದರು. ಹುಡುಗರು ಸಾಲಾದರು. ಒಳಗೆ ಹೋಗುವ ಮುಂಚೆ ತಿರುಗಿ, “ನೀನೇನು ಮಾಡ್ತೀಯ ಅಷ್ಟೊತ್ತು?” ಎಂದು ಕೇಳಿದರು.

“ಏನೂ ಮಾಡಲ್ಲ ಅತ್ತೆ. ನೀವು ಖುಷಿಯಾಗಿ ನೋಡ್ಕೊಂಡು ಬನ್ನಿ.”

ಕಾರನ್ನು ದೂರದ ಮರದ ನೆರಳಿಗೆ ತಂದು ನಿಲ್ಲಿಸಿ, ಸೀಟನ್ನು ಹಿಂದಕ್ಕೆ ಬಾಗಿಸಿ, ಚಪ್ಪಲಿ ಕಳಚಿ ಕಾಲು ಚಾಚಿದಳು. ಸ್ವಲ್ಪ ಹೊತ್ತಿಗೆ ಸ್ಟೇಡಿಯಮ್ಮಿನ ಕಡೆಯಿಂದ ಸಾವಿರಾರು ಜನ ಒಟ್ಟಿಗೆ ಕೂಗಿದ ಸದ್ದು ಬಂತು. ಆ ಕೂಗಿನಲ್ಲಿ ಒಂದು ದನಿ ಅತ್ತೆಯದು ಎಂದು ನೆನೆದು ಅವಳಿಗೆ ಮೈ ಜುಮ್ಮೆಂದಿತು. ಗಿಟಾರು ಶುರುವಾಯಿತು. ಅವಳು ಕಿಟಕಿಯ ಗಾಜು ಏರಿಸಿದಳು, ಕಣ್ಣು ಮುಚ್ಚಿದಳು, ಒಳ್ಳೆಯ ನಿದ್ದೆ ಹೋದಳು.